ಕೊಬ್ಬು ಹೇಳಿಕಳುಹಿಸುವ ಸುದ್ದಿ, ಯಕೃತ್ತಿನ ವಯಸ್ಸು

ರಾಗಿಯನ್ನು ಹಗೇವಿಗೆ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಪಾಡುತ್ತಿದ್ದ ಪದ್ಧತಿ ನಮ್ಮ ಬಯಲುಸೀಮೆಯ ರೈತ ಬಾಂಧವರಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷಕ್ಕೆಂದು ಬೆಳೆ ಬಂದ ವರ್ಷದಲ್ಲಿ ಕೂಡಿಡುವುದೇ ಅದರ ಉದ್ದೇಶ. ನಮ್ಮ ಶರೀರದಲ್ಲಿನ ಕೊಬ್ಬನ್ನೂ ವಿಜ್ಞಾನಿಗಳು ಬಹುಕಾಲ ಇಂಥದೊಂದು ಹಗೇವು ಎಂದೇ ತಿಳಿದಿದ್ದರು. ಉಂಡದ್ದು ಹೆಚ್ಚಾದರೆ ತುಂಬಿಕೊಳ್ಳುತ್ತದೆ, ಉಪವಾಸ ಬಿದ್ದರೆ ಬಿಟ್ಟುಕೊಡುತ್ತದೆ, ಉಳಿದ ಹೊತ್ತು ಸುಮ್ಮನೆ ಬಿದ್ದಿರುತ್ತದೆ ಎಂಬುದು ಆಗಿನ ತಿಳುವಳಿಕೆ. ಸುಮಾರು 30 ವರ್ಷಗಳಿಂದೀಚೆಗೆ ಈ ತಿಳುವಳಿಕೆ ಬದಲಾಗಿದೆ. ಕೊಬ್ಬು ಮೂಕ ಹಗೇವಲ್ಲ. ತನ್ನಲ್ಲಿ ದಾಸ್ತಾನು ಎಷ್ಟಿದೆ, ಅದು ಸುಸ್ಥಿತಿಯಲ್ಲಿದೆಯೇ ಇಲ್ಲವೇ ಎಂಬ ಸುದ್ದಿಯನ್ನು ಅದು ರಕ್ತದ ಮೂಲಕ ಇಡೀ ಶರೀರಕ್ಕೆ ಹೇಳಿಕಳುಹಿಸುತ್ತಲೇ ಇರುತ್ತದೆ. ಈ ಸುದ್ದಿಯನ್ನು ಹೊತ್ತೊಯ್ಯುವ ವಸ್ತುಗಳನ್ನು ಹಾರ್ಮೋನುಗಳು ಎನ್ನುತ್ತೇವೆ. ಈ ಸುದ್ದಿಯನ್ನು ಬಹು ಗಮನವಿಟ್ಟು ಕೇಳುವ ಅಂಗಗಳಲ್ಲಿ ಯಕೃತ್ತು, ಅಂದರೆ ಈಗ ಎಲ್ಲರ ಬಾಯಲ್ಲಿರುವ ಲಿವರ್, ಮುಖ್ಯವಾದದ್ದು.

ಬೇಸಾಯ ಶಾಸ್ತ್ರದವನಿಗೆ ಲಿವರಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಕಾರಣ ಎರಡಿವೆ. ನನ್ನ ದೊಡ್ಡಪ್ಪನವರು ಒಂದು ಹನಿ ಹೆಂಡವನ್ನೂ ಮುಟ್ಟಿದವರಲ್ಲ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮೇಲೆ ಅವರಿಗೆ ಹೊಟ್ಟೆ ಬಂತು, ಅನಂತರ ಸಕ್ಕರೆ ಕಾಯಿಲೆ ಬಂತು, ಕಡೆಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಕೊಂಡರು. ಯಕೃತ್ತು ಗಟ್ಟಿಯಾಗಿ ಕುಗ್ಗಿಹೋಗಿತ್ತೆಂದು ವೈದ್ಯರು ಹೇಳಿದ್ದು ಊರಿಗೆ ತಿಳಿದು, "ಕದ್ದು ಕುಡೀತಿದ್ರಂತೆ" ಎಂದು ಜನ ಆಡಿಕೊಂಡರು. ಆ ಮಾತನ್ನು ನಮ್ಮ ದೊಡ್ಡಮ್ಮ ಇಂದಿಗೂ ಮರೆತಿಲ್ಲ. ಎರಡನೆಯ ಕಾರಣ ನಾನೇ. 64 ಕಿಲೋ ತೂಕದ, ತೆಳ್ಳಗಿನ ಆಳು ಎಂದು ಹೆಮ್ಮೆಪಡುತ್ತಿದ್ದ ನನಗೆ 44ನೆಯ ವಯಸ್ಸಿನಲ್ಲಿ ಬೇರೇನೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಕೊಬ್ಬು ಸೇರಿದೆಯೆಂಬ ವರದಿ ಬಂತು. ಮದ್ಯಪಾನವಿಲ್ಲದೆ ಲಿವರ್ ಹೇಗೆ ಕೆಡುತ್ತದೆಂದು ದೊಡ್ಡಪ್ಪನವರ ಕಾಲದಲ್ಲಿ ನಾನು ಕೇಳದಿದ್ದ ಪ್ರಶ್ನೆಯನ್ನು ಆಗ ಕೇಳಿಕೊಂಡು ಓದತೊಡಗಿದೆ. ಓದಿದ್ದು ನನ್ನ ಬೆಳೆಗಳ ಪಾಠಕ್ಕೆ ಅಷ್ಟೇನೂ ದೂರವಿರಲಿಲ್ಲ.

ಎಲೆ ಹಣ್ಣಾಗುವ ಬಗೆ

ಮುಸುಕಿನ ಜೋಳಕ್ಕೆ ಸಾರಜನಕ ಸಾಲದೆ ಹೋದರೆ ತಳದ ಎಲೆಗಳು ಮೊದಲು ಹಳದಿಯಾಗುವುದನ್ನು ತಾವೆಲ್ಲರೂ ನೋಡಿದ್ದೀರಿ. ಎಲೆಗೆ ಇಷ್ಟು ದಿನ ತುಂಬಿತು, ಇನ್ನು ಹಣ್ಣಾಗಲಿ ಎಂದು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಬೇರಿನಿಂದ ಮೇಲೇರಿ ಬರುವ ಸೈಟೋಕೈನಿನ್ ಎಂಬ ಹಾರ್ಮೋನು "ಇನ್ನೂ ದುಡಿ" ಎನ್ನುತ್ತದೆ. ಎಥಿಲೀನ್ "ಸಾಕು, ಇದ್ದದ್ದನ್ನು ಬಿಟ್ಟುಕೊಟ್ಟು ಉದುರು" ಎನ್ನುತ್ತದೆ. ಗಿಡದಿಂದ ಕಿತ್ತ ಎಲೆ ಬೇಗನೆ ಹಳದಿಯಾಗುವುದು ಸರಿಯಷ್ಟೆ. ಆದರೆ ಅದರ ಒಂದು ಭಾಗಕ್ಕೆ ಸೈಟೋಕೈನಿನ್ ಹಚ್ಚಿದರೆ ಹಚ್ಚಿದಷ್ಟು ಭಾಗ ಹಸಿರಾಗಿಯೇ ಉಳಿಯುತ್ತದೆ. ಒಂದೇ ಎಲೆ, ಒಂದೇ ವಯಸ್ಸು. ಸುದ್ದಿ ಮಾತ್ರ ಬೇರೆ.

ಯಕೃತ್ತಿನ ವಯಸ್ಸೂ ಪಂಚಾಂಗದ ಲೆಕ್ಕಕ್ಕೆ ಸಿಗುವುದಿಲ್ಲ. ಹಳೆಯ ಮರದ ತುಂಡಿನ ವಯಸ್ಸನ್ನು ವಿಕಿರಣಶೀಲ ಇಂಗಾಲದಿಂದ ಅಳೆಯುವ ವಿಧಾನ ತಮಗೆ ಗೊತ್ತಿರಬಹುದು. ಜರ್ಮನಿಯ ಡ್ರೆಸ್ಡೆನ್ ನಗರದ ವಿಜ್ಞಾನಿಗಳ ನೇತೃತ್ವದ ತಂಡವೊಂದು ಇಂಥದೇ ವಿಧಾನದಿಂದ ಮನುಷ್ಯರ ಲಿವರಿನ ಜೀವಕೋಶಗಳ ವಯಸ್ಸನ್ನು ಅಳೆದು 2022ರಲ್ಲಿ ಪ್ರಕಟಿಸಿತು. ಮನುಷ್ಯನಿಗೆ 20 ವರ್ಷವಾಗಿರಲಿ, 80 ವರ್ಷವಾಗಿರಲಿ, ಅವನ ಯಕೃತ್ತಿನ ಜೀವಕೋಶಗಳ ಸರಾಸರಿ ವಯಸ್ಸು 3 ವರ್ಷಕ್ಕಿಂತ ಕಡಿಮೆ ಎಂದು ಕಂಡುಬಂದಿತು. ಹಳೆಯ ಕೋಶ ಹೋಗಿ ಹೊಸ ಕೋಶ ಬರುತ್ತಲೇ ಇರುತ್ತದೆ. ಹಾಗಿದ್ದಮೇಲೆ ಕೆಲವರ ಲಿವರ್ 50ಕ್ಕೇ ಮುದಿಯಾಗುವುದೇಕೆ? ಪೈರನ್ನು ವರ್ಷ ವರ್ಷವೂ ಹೊಸದಾಗಿಯೇ ನೆಡುತ್ತೇವೆ, ಆದರೂ ಚೌಳು ಬಿದ್ದ ಗದ್ದೆಯಲ್ಲಿ ಹೊಸ ಪೈರೂ ಸೊರಗುತ್ತದೆ. ಕೋಶ ಹೊಸದಾದರೂ ಅದಕ್ಕೆ ಸಿಗುವ ಆಹಾರ ಮತ್ತು ಅದಕ್ಕೆ ಬರುವ ಸುದ್ದಿ ಕೆಟ್ಟದ್ದಾಗಿದ್ದರೆ ಅದು ಬೇಗನೆ ಹಣ್ಣಾಗುತ್ತದೆ.

ಜೋಡಿ ಕಟ್ಟಿದ ಇಲಿಗಳು

ಕೊಬ್ಬು ಸುದ್ದಿ ಕಳುಹಿಸುತ್ತದೆ ಎಂಬುದು ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬಲ್ಲಿರುವ ಜಾಕ್ಸನ್ ಪ್ರಯೋಗಶಾಲೆಯಲ್ಲಿ 1949ರಲ್ಲಿ ವಿಪರೀತ ದಪ್ಪನಾಗುವ ಇಲಿಯೊಂದು ತಾನಾಗಿ ಹುಟ್ಟಿತು. ಎಷ್ಟು ತಿಂದರೂ ಅದಕ್ಕೆ ತೃಪ್ತಿಯಿಲ್ಲ. ಮುಂದೆ ಅಲ್ಲಿಯೇ ಇಂಥದೇ ಇನ್ನೊಂದು ತಳಿ ಸಿಕ್ಕಿತು. ಅದು ದಪ್ಪನಾಗುವುದಲ್ಲದೆ ಅದಕ್ಕೆ ಸಕ್ಕರೆ ಕಾಯಿಲೆಯೂ ಬರುತ್ತಿತ್ತು.

ಮಾವಿನಲ್ಲಿ ಸಾಮೀಪ್ಯ ಕಸಿ ಮಾಡುವಾಗ ಎರಡು ಜೀವಂತ ಗಿಡಗಳ ಕಾಂಡ ಸವರಿ ಒಂದಕ್ಕೊಂದು ಕೂಡಿಸಿ ಕಟ್ಟುತ್ತೇವಲ್ಲವೆ? ಡಗ್ಲಾಸ್ ಕೋಲ್‌ಮನ್ ಎಂಬ ವಿಜ್ಞಾನಿ ಇಲಿಗಳ ಪಕ್ಕೆಗಳನ್ನು ಹಾಗೆಯೇ ಕೂಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಮೊದಲ ತಳಿಯ ದಪ್ಪ ಇಲಿಯನ್ನು ಸಾಮಾನ್ಯ ಇಲಿಯೊಡನೆ ಕೂಡಿಸಿದಾಗ ದಪ್ಪ ಇಲಿ ತಿನ್ನುವುದನ್ನು ಕಡಿಮೆ ಮಾಡಿ ಇಳಿಯಿತು. ಎರಡನೆಯ ತಳಿಯೊಡನೆ ಸಾಮಾನ್ಯ ಇಲಿಯನ್ನು ಕೂಡಿಸಿದಾಗ ಸಾಮಾನ್ಯ ಇಲಿ ಮೇವು ಬಿಟ್ಟು ಸತ್ತೇಹೋಯಿತು. ಇದರಿಂದ ಕೋಲ್‌ಮನ್ ಊಹಿಸಿದ್ದೇನೆಂದರೆ, ಮೊದಲ ತಳಿಯಲ್ಲಿ "ಸಾಕು" ಎನ್ನುವ ವಸ್ತುವೇ ಇಲ್ಲ. ಎರಡನೆಯದರಲ್ಲಿ ವಸ್ತು ಧಾರಾಳವಾಗಿದೆ, ಕೇಳುವ ಕಿವಿ ಇಲ್ಲ. ಅವರ ಮಾತನ್ನು ಹಲವರು ಬೇಗ ಒಪ್ಪಲಿಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಆ ವಸ್ತುವಿನ ಜೀನನ್ನು ಪತ್ತೆ ಹಚ್ಚಿದರು. ಅದು ತಯಾರಾಗುವುದು ಕೊಬ್ಬಿನ ಕೋಶದಲ್ಲಿಯೇ! ಗ್ರೀಕ್ ಭಾಷೆಯಲ್ಲಿ ತೆಳು ಎಂಬರ್ಥದ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು.

ಲೆಪ್ಟಿನ್ ಇಲ್ಲದ ಇಲಿಯ ಹೊಟ್ಟೆ ಕೊಯ್ದು ನೋಡಿದರೆ ಲಿವರ್ ಕೆಂಗಂದು ಬಣ್ಣದಲ್ಲಿರುವ ಬದಲು ಉಬ್ಬಿ, ಬಿಳಿಚಿ, ಹಳದಿಗೆ ತಿರುಗಿರುತ್ತದೆ. ಕೋಶ ಕೋಶದಲ್ಲೂ ಕೊಬ್ಬಿನ ಹನಿಗಳು. ಲೆಪ್ಟಿನ್ ಕೊಟ್ಟರೆ ಅದು ಕರಗುತ್ತದೆ. ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷಿಯಿದೆ, ಅದೂ ಎಣಿಸದ ಕಡೆಯಿಂದ. ಹುಟ್ಟಿನಿಂದಲೋ ಆಮೇಲೋ ಶರೀರದ ಕೊಬ್ಬೇ ನಶಿಸುವ ಒಂದು ಅಪರೂಪದ ರೋಗವಿದೆ. ಇವರು ನೋಡಲು ಮೂಳೆ ಮಾಂಸ ಎದ್ದು ಕಾಣುವಷ್ಟು ಬಡಕಲು. ಆದರೆ ಇವರ ಲಿವರಿನಲ್ಲಿ ಕೊಬ್ಬು ಕಿಕ್ಕಿರಿದಿರುತ್ತದೆ. ಹಗೇವೇ ಇಲ್ಲದ ಮನೆಗೆ ಗಾಡಿಗಟ್ಟಲೆ ರಾಗಿ ಬಂದರೆ ಎಲ್ಲಿ ಸುರಿಯುತ್ತೀರಿ? ಅಡುಗೆ ಮನೆಯಲ್ಲಿ, ನಡುಮನೆಯಲ್ಲಿ. ಲಿವರ್ ನಮ್ಮ ಅಡುಗೆ ಮನೆ. ಹಗೇವಿಲ್ಲದ್ದರಿಂದ ಲೆಪ್ಟಿನ್ನಿನ ಸುದ್ದಿಯೂ ಬರುವುದಿಲ್ಲ. ಇಂಥ ರೋಗಿಗಳಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಲಿವರಿನ ಕೊಬ್ಬು ಇಳಿಯಿತು. ಅಮೆರಿಕದಲ್ಲಿ 2014ರಲ್ಲಿ ಈ ಚಿಕಿತ್ಸೆಗೆ ಅನುಮತಿಯೂ ದೊರೆಯಿತು.

ಹಾಗಾದರೆ ದಪ್ಪನೆಯವರಿಗೆಲ್ಲ ಲೆಪ್ಟಿನ್ ಚುಚ್ಚಿದರಾಯಿತು ಎಂದು ಔಷಧ ಕಂಪನಿಗಳೂ ಆಸೆಪಟ್ಟವು. ಫಲ ಸಿಗಲಿಲ್ಲ. ಸಾಮಾನ್ಯವಾಗಿ ದಪ್ಪಗಿರುವವರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಿರುತ್ತದೆ. ಸದಾ ಕೂಗುವವರ ಮಾತಿಗೆ ಮನೆಯವರು ಕಿವಿಗೊಡದಂತೆ ಮೆದುಳು, ಲಿವರ್ ಎರಡೂ ಅದನ್ನು ಕೇಳುವುದನ್ನು ಕಡಿಮೆ ಮಾಡಿರುತ್ತವೆ. ಅಷ್ಟೇ ಅಲ್ಲ, ಲಿವರಿನಲ್ಲಿ ಗಾಯವಾದೆಡೆ ನಾರು ಹೆಣೆಯುವ ಕೋಶಗಳನ್ನು ಲೆಪ್ಟಿನ್ ಕೆರಳಿಸುತ್ತದೆಂದು ಇಲಿಗಳ ಪ್ರಯೋಗಗಳಿಂದ ತಿಳಿದಿದೆ. ಸಾರಜನಕ ಬೇಕೆಂದು ಯೂರಿಯಾ ಸುರಿದು ಬತ್ತ ಮಲಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಸುದ್ದಿ

ಯಕೃತ್ತಿನ ವಯಸ್ಸಿನ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು 1995-96ರಲ್ಲಿ ಅಮೆರಿಕ ಮತ್ತು ಜಪಾನಿನ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದ ಅಡಿಪೊನೆಕ್ಟಿನ್ ಎಂಬ ಹಾರ್ಮೋನು. ಇದೂ ಕೊಬ್ಬಿನ ಕೋಶದಲ್ಲಿಯೇ ಹುಟ್ಟುವಂಥದು. ಆದರೆ ಇದರ ರೀತಿ ತಿರುಗುಮುರುಗು. ಕೊಬ್ಬಿನ ಕೋಶಗಳು ಚಿಕ್ಕವಾಗಿ, ಆರೋಗ್ಯವಾಗಿದ್ದಾಗ ಇದು ರಕ್ತದಲ್ಲಿ ಧಾರಾಳವಾಗಿರುತ್ತದೆ. ಕೋಶಗಳು ಬಿರಿಯುವಷ್ಟು ತುಂಬಿಕೊಂಡಾಗ ಕಡಿಮೆಯಾಗುತ್ತದೆ. ಕಣಜ ತುಂಬಿದಷ್ಟೂ ಒಳ್ಳೆಯ ಸುದ್ದಿ ಕಡಿಮೆ ಎಂದಾಯಿತು.

ಅಡಿಪೊನೆಕ್ಟಿನ್ ಲಿವರಿನ ಕೋಶವನ್ನು ಮುಟ್ಟಿದಾಗ ಆಗುವುದೇನು? ಆ ಕೋಶದ ಹೊರಪದರದಲ್ಲಿ ಇದನ್ನು ಗುರುತಿಸುವ ಗ್ರಾಹಕಗಳಿವೆ; ಟೋಕಿಯೋದ ವಿಜ್ಞಾನಿಗಳು 2003ರಲ್ಲಿ ಇವನ್ನು ಪತ್ತೆಮಾಡಿದರು. ಗ್ರಾಹಕಕ್ಕೆ ಹಾರ್ಮೋನು ಕೂಡಿಕೊಂಡೊಡನೆ ಕೋಶದೊಳಗೆ ಎಎಮ್‌ಪಿಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಇದು ಕೋಶದ ಮನೆವಾರ್ತೆ ನೋಡಿಕೊಳ್ಳುವ ಕಿಣ್ವ. ಹೊಸ ಕೊಬ್ಬು ತಯಾರಿಸುವುದನ್ನು ನಿಲ್ಲಿಸು, ಇದ್ದ ಕೊಬ್ಬನ್ನು ಉರಿಸು, ರಕ್ತಕ್ಕೆ ಸಕ್ಕರೆ ಬಿಡುವುದನ್ನು ತಗ್ಗಿಸು ಎಂದು ಅಪ್ಪಣೆ ಮಾಡುತ್ತದೆ. ಈ ಅಪ್ಪಣೆ ಬರುವವರೆಗೆ ಕೋಶ ಹಗುರ. ಬಾರದೆ ಹೋದರೆ ಕೊಬ್ಬಿನ ಹನಿ ಸೇರುತ್ತಾ ಹೋಗುತ್ತದೆ. ಲಿವರಿನ ಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಸೇರಿದರೆ ಅದನ್ನು ರೋಗದ ಲೆಕ್ಕಕ್ಕೆ ಹಿಡಿಯುತ್ತಾರೆ.

ಫಿಲಿಪ್ ಷೆರೆರ್ ಎಂಬ ವಿಜ್ಞಾನಿಯ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಓದಿದಾಗ ನನಗೆ ನಂಬಲು ಕಷ್ಟವಾಯಿತು. ಮೇಲೆ ಹೇಳಿದ ಲೆಪ್ಟಿನ್ ಇಲ್ಲದ ಇಲಿಗಳಲ್ಲಿ ಅಡಿಪೊನೆಕ್ಟಿನ್ ಹೆಚ್ಚು ತಯಾರಾಗುವಂತೆ ಮಾಡಿದರು. ಇಲಿಗಳು ಇಳಿಯಲಿಲ್ಲ, ಇನ್ನೂ ದಪ್ಪನಾದವು. ಆದರೆ ಅವುಗಳ ರಕ್ತದ ಸಕ್ಕರೆ ಸರಿಯಾಯಿತು, ಲಿವರಿನ ಕೊಬ್ಬು ಇಳಿಯಿತು. ಕೊಬ್ಬು ಲಿವರನ್ನು ಬಿಟ್ಟು ಚರ್ಮದಡಿಯ ಹಗೇವಿಗೆ ಹೋಗಿ ಸೇರಿತ್ತು. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ, ಏನು ಸುದ್ದಿ ಕಳುಹಿಸುತ್ತಿದೆ ಎಂಬುದು ದೊಡ್ಡದು ಎಂದು ಇದರಿಂದ ಸ್ಪಷ್ಟವಾಗುತ್ತದೆ. ಅದೇ ತಂಡ 2021ರಲ್ಲಿ ಮುಪ್ಪಿನ ಬಗ್ಗೆ ನೇರವಾಗಿ ಪರೀಕ್ಷಿಸಿತು. ಅಡಿಪೊನೆಕ್ಟಿನ್ ಇಲ್ಲದ ಇಲಿಗಳ ಆಯುಸ್ಸು ಕಡಿಮೆಯಾಯಿತು. ಹೆಚ್ಚಿದ್ದ ಇಲಿಗಳ ಅಂಗಾಂಗಗಳಲ್ಲಿ ವಯಸ್ಸಿನೊಡನೆ ಬರುವ ಉರಿಯೂತ ಮತ್ತು ನಾರುಗಟ್ಟುವಿಕೆ ಕಡಿಮೆಯಿತ್ತು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಮನುಷ್ಯರಲ್ಲಿ ಲೆಕ್ಕ ಇಷ್ಟು ಸರಳವಾಗಿಲ್ಲ. ಹೃದ್ರೋಗವಿರುವ ಮುದುಕರಲ್ಲಿ ಮತ್ತು ಲಿವರ್ ಪೂರ್ತಿ ಗಟ್ಟಿಯಾದವರಲ್ಲಿ ಅಡಿಪೊನೆಕ್ಟಿನ್ ಹೆಚ್ಚಿರುವುದುಂಟು. ಅದು ಆರೋಗ್ಯದ ಗುರುತಲ್ಲ. ಆದ್ದರಿಂದ ಈ ಹಾರ್ಮೋನನ್ನು ಹೆಚ್ಚಿಸುತ್ತೇವೆಂದು ಯಾರಾದರೂ ಪುಡಿ, ಗುಳಿಗೆ ಮಾರಲು ಬಂದರೆ ಮುಂಬಾಗಿಲಿನಿಂದಲೇ ಕಳುಹಿಸಿಬಿಡಿ.

ನಾಲೆಯ ಮೇಲ್ಭಾಗ

ಚರ್ಮದಡಿಯ ಕೊಬ್ಬಿಗೂ ಹೊಟ್ಟೆಯೊಳಗೆ ಕರುಳನ್ನು ಸುತ್ತಿಕೊಂಡ ಕೊಬ್ಬಿಗೂ ಬಹಳ ವ್ಯತ್ಯಾಸವಿದೆ. ತೊಡೆಯ ಕೊಬ್ಬಿನ ರಕ್ತ ಇಡೀ ಶರೀರದ ರಕ್ತದಲ್ಲಿ ಬೆರೆತು ತೆಳುವಾಗಿ ಲಿವರಿಗೆ ಬರುತ್ತದೆ. ಕರುಳನ್ನು ಸುತ್ತಿದ ಕೊಬ್ಬಿನ ರಕ್ತ ಒಂದು ರಕ್ತನಾಳದ ಮೂಲಕ ನೇರವಾಗಿ ಲಿವರಿಗೇ ಬಂದು ಸೇರುತ್ತದೆ. ನಾಲೆಯ ಮೇಲ್ಭಾಗದಲ್ಲಿ ಯಾರಾದರೂ ಏನನ್ನಾದರೂ ಕಲೆಸಿದರೆ ಮೊದಲ ಗದ್ದೆಯವರ ಗತಿ ಏನೋ ಲಿವರಿನದೂ ಅದೇ. ಈ ಕೊಬ್ಬು ಅಡಿಪೊನೆಕ್ಟಿನ್ ಕಡಿಮೆ ಕೊಡುತ್ತದೆ, ಉರಿಯೂತ ಎಬ್ಬಿಸುವ ವಸ್ತುಗಳನ್ನು ಹೆಚ್ಚು ಕೊಡುತ್ತದೆ. ನ್ಯೂಯಾರ್ಕಿನ ನಿರ್ ಬಾರ್ಜಿಲೈ ಅವರ ತಂಡ ಇಲಿಗಳ ಹೊಟ್ಟೆಯೊಳಗಿನ ಈ ಕೊಬ್ಬನ್ನು ಮಾತ್ರ ಶಸ್ತ್ರಚಿಕಿತ್ಸೆಯಿಂದ ತೆಗೆದು, ಮೇವು ಬೇಕಾದಷ್ಟು ಕೊಟ್ಟು ಸಾಕಿತು. ಮಿತವಾಗಿ ತಿನ್ನಿಸಿ ಸಾಕಿದ ಇಲಿಗಳಷ್ಟಲ್ಲದಿದ್ದರೂ, ಕೊಬ್ಬು ತೆಗೆಯದ ಇಲಿಗಳಿಗಿಂತ ಅವು ಹೆಚ್ಚು ದಿನ ಬದುಕಿದವೆಂದು 2008ರಲ್ಲಿ ವರದಿಯಾಯಿತು. ಮನುಷ್ಯರಿಗೆ ಇಂಥ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ಕೇಳಲೂ ಬೇಡಿ.

ವಯಸ್ಸಾದಂತೆ ಎಲ್ಲರಲ್ಲೂ ತೊಡೆ, ತೋಳುಗಳ ಚರ್ಮದಡಿಯ ಹಗೇವು ಸೊರಗುತ್ತದೆ, ದಾಸ್ತಾನು ಹೊಟ್ಟೆಯೊಳಕ್ಕೆ ವರ್ಗವಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈ ವರ್ಗಾವಣೆ ಚುರುಕಾಗುತ್ತದೆ. ಆಗ ಲಿವರಿನಲ್ಲಿ ಕೆಲವು ಕೋಶಗಳು ವಿಚಿತ್ರ ಸ್ಥಿತಿಗೆ ಬರುತ್ತವೆ. ಸಾಯುವುದಿಲ್ಲ, ವಿಭಜನೆಯಾಗುವುದೂ ಇಲ್ಲ. ಇದ್ದಲ್ಲಿಯೇ ಇದ್ದು ಸುತ್ತಲಿನ ಕೋಶಗಳನ್ನು ಕೆರಳಿಸುವ ವಸ್ತುಗಳನ್ನು ಸೂಸುತ್ತಿರುತ್ತವೆ. ರೋಗ ಹಿಡಿದ ಎಲೆ ಉದುರದೆ ಗಿಡದಲ್ಲಿಯೇ ನೇತಾಡಿಕೊಂಡು ಬೀಜಾಣು ಚೆಲ್ಲಿದ ಹಾಗೆ. ಇಂಥ ಮುದಿ ಕೋಶ ಕೊಬ್ಬನ್ನು ಸರಿಯಾಗಿ ಉರಿಸಲಾರದು, ಹೀಗಾಗಿ ಕೊಬ್ಬು ಇನ್ನೂ ಸೇರುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 2017ರಲ್ಲಿ ವರದಿಯಾದ ಪ್ರಯೋಗದಲ್ಲಿ ಇಲಿಗಳಿಂದ ಮುದಿ ಕೋಶಗಳನ್ನು ನಿವಾರಿಸಿದಾಗ ಲಿವರಿನ ಕೊಬ್ಬು ಇಳಿಯಿತು. ಕೊಬ್ಬು ಕೋಶವನ್ನು ಮುದಿಯಾಗಿಸುತ್ತದೆ, ಮುದಿ ಕೋಶ ಕೊಬ್ಬನ್ನು ಕೂಡಿಸುತ್ತದೆ. ಹೀಗೆ ಗಾಣದೆತ್ತಿನಂತೆ ಸುತ್ತು ಹೊಡೆದು ಕಡೆಗೆ ನಾರುಗಟ್ಟಿ ಲಿವರ್ ಕುಗ್ಗುತ್ತದೆ. ನಮ್ಮ ದೊಡ್ಡಪ್ಪನವರಿಗೆ ಆಗಿದ್ದೂ ಬಹುಶಃ ಇದೇ.

ಹಸು ಸಾಕುವವರು ಇದರ ಅವಸರದ ರೂಪವನ್ನು ಕೊಟ್ಟಿಗೆಯಲ್ಲಿಯೇ ಕಂಡಿರಬಹುದು. ಗಬ್ಬದ ಕೊನೆಯಲ್ಲಿ ಅತಿಯಾಗಿ ಕೊಬ್ಬಿದ ಮಿಶ್ರತಳಿ ಹಸು ಕರು ಹಾಕಿದ ಮೇಲೆ ಮೇವು ಬಿಡುತ್ತದೆ. ಹಾಲಿಗೆ ಬೇಕಾದ ಶಕ್ತಿಗಾಗಿ ಮೈಕೊಬ್ಬು ಒಮ್ಮೆಲೇ ಕರಗಿ ಲಿವರಿಗೆ ನುಗ್ಗುತ್ತದೆ, ಲಿವರ್ ತಾಳಲಾರದು. ಮನುಷ್ಯರಿಗೂ ಇದರಲ್ಲಿ ಒಂದು ಪಾಠವಿದೆ: ತೂಕ ಇಳಿಸಲು ಹಠಾತ್ತನೆ ಉಪವಾಸ ಬೀಳಬಾರದು.

ತೆಳ್ಳಗಿನವರ ಕೊಬ್ಬು

ನನ್ನ 64 ಕಿಲೋ ಲೆಕ್ಕಕ್ಕೆ ಬರುತ್ತೇನೆ. ಪುಣೆಯ ವೈದ್ಯ ವಿಜ್ಞಾನಿ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತೂಕ ಹೊಂದಿಸಿ ನೋಡುವ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಆದರೆ ಶರೀರದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ನಮ್ಮವರಲ್ಲಿ ಮಾಂಸಖಂಡ ಕಡಿಮೆ, ತೆಳ್ಳಗೆ ಕಂಡರೂ ಕೊಬ್ಬು ಹೆಚ್ಚು, ಅದೂ ಹೊಟ್ಟೆಯಲ್ಲಿ. ಹೀಗಾಗಿ ತಕ್ಕಡಿಯನ್ನು ನಂಬಬೇಡಿ, ಟೇಪನ್ನು ನಂಬಿ. ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆದರೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ನನ್ನದು 93 ಇತ್ತು.

ಹದಿನೈದು ಸೆಂ.ಮೀ. ಅಗಲದ ಸಾಲು ಹೊಡೆಯುತ್ತ ನೇಗಿಲಿನ ಹಿಂದೆ ಒಂದು ಎಕರೆ ಉಳುವವನು ಎಷ್ಟು ನಡೆಯುತ್ತಾನೆ, ಲೆಕ್ಕ ಹಾಕಿದ್ದೀರಾ? ಸುಮಾರು 27 ಕಿಲೋಮೀಟರ್. ಟ್ರ್ಯಾಕ್ಟರ್ ಆ ಎಕರೆಯನ್ನು ಕುಳಿತಲ್ಲೇ ಮುಗಿಸುತ್ತದೆ. ಎತ್ತಿಗೆ ಹಿಂದಿರುಗಿ ಎಂದು ನಾನು ಹೇಳುತ್ತಿಲ್ಲ, ಯಾರೂ ಹಿಂದಿರುಗುವುದೂ ಇಲ್ಲ. ಆದರೆ 27 ಕಿಲೋಮೀಟರಿನ ಊಟವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ದುಡಿಯುವ ಮಾಂಸಖಂಡದಲ್ಲಿಯೂ ಅದೇ ಎಎಮ್‌ಪಿಕೆ ಕಿಣ್ವ ಎಚ್ಚರಗೊಳ್ಳುತ್ತದೆ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಿವರಿನ ಕೊಬ್ಬು ಸ್ವಲ್ಪ ಇಳಿಯುವುದು ಕಂಡುಬಂದಿದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಕನಿಷ್ಠ ಪ್ರಮಾಣ. ಕಟಾವು, ನಾಟಿಯ ದಿನಗಳಲ್ಲಿ ಇದು ತಾನಾಗಿ ಆಗುತ್ತದೆ. ಬೇಸಗೆಯ ಮೂರು ತಿಂಗಳು ಜಗಲಿಯ ಮೇಲೆ ಕಳೆಯುವವರು ಯೋಚಿಸಬೇಕು.

ಇನ್ನು ಸಕ್ಕರೆ. ದಿನಕ್ಕೆ ಐದು ಲೋಟ ಟೀ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ ಎಂದರೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ. ಸಕ್ಕರೆಯ ಅರ್ಧ ಭಾಗವಾದ ಫ್ರಕ್ಟೋಸನ್ನು ಬಹುಪಾಲು ಲಿವರೇ ನಿಭಾಯಿಸಬೇಕು. ಹೆಚ್ಚಾದದ್ದನ್ನು ಅದು ಕೊಬ್ಬಾಗಿ ಮಾರ್ಪಡಿಸುತ್ತದೆ. ಬೆಲ್ಲಕ್ಕೂ ಇದರಿಂದ ವಿನಾಯಿತಿಯಿಲ್ಲ, ಕಬ್ಬು ಬೆಳೆಯುವವರು ಬೇಸರಿಸಬಾರದು. ರಾಗಿ ಮುದ್ದೆ ಒಳ್ಳೆಯದೇ, ಆದರೆ ಉಳುವ ಕಾಲದ ಗಾತ್ರದ ಮುದ್ದೆ ಕುಳಿತು ಉಣ್ಣುವವನಿಗೆ ದೊಡ್ಡದಾಯಿತು. ಕಾಳು, ಸೊಪ್ಪು ಹೆಚ್ಚಲಿ. ಮದ್ಯದ ಅಭ್ಯಾಸವಿದ್ದವರಿಗೆ ಕೊಬ್ಬಿನ ಲಿವರ್ ಜೊತೆಗೂಡಿದರೆ ಹಾನಿ ಇಮ್ಮಡಿ. ಕಾಫಿ ಕುಡಿಯುವವರಲ್ಲಿ ಲಿವರ್ ನಾರುಗಟ್ಟುವುದು ಕಡಿಮೆಯೆಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಕೊಡಗು, ಚಿಕ್ಕಮಗಳೂರಿನವರಿಗೆ ಸಂತೋಷದ ಸಂಗತಿ. ಸಕ್ಕರೆ ಹಾಕದಿದ್ದರೆ.

ತೂಕದಲ್ಲಿ ಶೇಕಡಾ 5 ಇಳಿದರೆ ಲಿವರಿನ ಕೊಬ್ಬು ಇಳಿಯುತ್ತದೆ, ಶೇಕಡಾ 7ರಿಂದ 10 ಇಳಿದರೆ ಉರಿಯೂತ ಶಮನವಾಗುತ್ತದೆ, 10 ಮೀರಿದರೆ ಕಟ್ಟಿದ ನಾರೂ ಕೆಲವರಲ್ಲಿ ಸಡಿಲವಾಗುತ್ತದೆ. ತೆಳ್ಳಗಿನವರಿಗೆ 3ರಿಂದ 5 ಸಾಕಾಗಬಹುದು. ತಿಂಗಳಿಗೆ ಒಂದೆರಡು ಕಿಲೋಗಿಂತ ಅವಸರ ಬೇಡ. 2024ರ ಮಾರ್ಚಿಯಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆಂದೇ ಮೊದಲ ಔಷಧಿಗೆ ಅನುಮತಿ ಸಿಕ್ಕಿತು, ಆದರೆ ಅದೂ ನಾರುಗಟ್ಟಿದವರಿಗೆ, ಪಥ್ಯ ವ್ಯಾಯಾಮಗಳ ಜೊತೆಗೆ.

ಸಕ್ಕರೆ ಕಾಯಿಲೆ ಇರುವವರು, ಸೊಂಟದ ಅಳತೆ ಮೀರಿದವರು ನೋವು ಬರಲೆಂದು ಕಾಯಬಾರದು, ಏಕೆಂದರೆ ಈ ರೋಗ ಬಹುಕಾಲ ನೋಯುವುದೇ ಇಲ್ಲ. ರಕ್ತಪರೀಕ್ಷೆಯಲ್ಲಿ ಲಿವರಿನ ಕಿಣ್ವಗಳು ಸರಿಯಾಗಿಯೇ ಇದ್ದು ಒಳಗೆ ಕೊಬ್ಬಿರುವುದುಂಟು. ಕೊಬ್ಬು ಸ್ವಲ್ಪವೇ ಇದ್ದರೆ ಸ್ಕ್ಯಾನಿನಲ್ಲೂ ಕಾಣದಿರಬಹುದು. ವಯಸ್ಸು, ಎರಡು ಕಿಣ್ವಗಳ ಪ್ರಮಾಣ ಮತ್ತು ರಕ್ತದ ಪ್ಲೇಟ್‌ಲೆಟ್ ಸಂಖ್ಯೆ, ಈ ನಾಲ್ಕರಿಂದ ಲೆಕ್ಕ ಹಾಕುವ ಫಿಬ್-4 ಎಂಬ ಅಂಕವನ್ನು ತಮ್ಮ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ. ಅದು 1.3ಕ್ಕಿಂತ ಕೆಳಗಿದ್ದರೆ ಲಿವರ್ ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ; ಮೇಲಿದ್ದರೆ ಮುಂದಿನ ಪರೀಕ್ಷೆಗೆ ಅವರೇ ಬರೆದುಕೊಡುತ್ತಾರೆ.

ನಾನು ಟೀಯಲ್ಲಿ ಸಕ್ಕರೆ ಬಿಟ್ಟು, ಪ್ರಯೋಗ ತಾಕುಗಳಿಗೆ ಜೀಪಿನ ಬದಲು ನಡೆದುಹೋಗತೊಡಗಿ ಹತ್ತು ತಿಂಗಳಾಯಿತು. ತೂಕ 61ಕ್ಕೆ ಬಂದಿದೆ, ಸೊಂಟ 89ಕ್ಕೆ. ಮುಂದಿನ ಸ್ಕ್ಯಾನ್ ಇನ್ನೂ ಆಗಬೇಕು. ಕಳೆದ ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ದೊಡ್ಡಮ್ಮನವರಿಗೆ ಕೂಡಿಸಿಕೊಂಡು ಹೇಳಿದೆ. "ಇದನ್ನ ಜಗಲಿ ಮೇಲೆ ಕೂತಿರೋರಿಗೂ ಒಂದ್ಸಲ ಕೇಳೋ ಹಾಗೆ ಹೇಳಪ್ಪ" ಎಂದರು. ಹೋಗಿ ಹೇಳಿದೆ.